ರಾತ್ರಿಯ ಪಾಳಿ ಯಾರದು? ಮೂರ್ಛೆರೋಗದ ತಂದೆಯನ್ನು ಕಾಯುತ್ತಿದ್ದ ಹುಡುಗನ ಪ್ರಕರಣ

ಆಪ್ತಸಲಹೆಗಾರಳಾದ ನನಗೆ ಶಾಲೆಯವರು ಕಳಿಸಿದ್ದ ಪತ್ರದಲ್ಲಿ ಮೂರು ದೂರುಗಳಿದ್ದವು. ತರಗತಿಯಲ್ಲಿ ನಿದ್ದೆ ಮಾಡುತ್ತಾನೆ. ಫೋನ್ ಒಪ್ಪಿಸು ಅಂದರೆ ಜಗಳಕ್ಕೇ ನಿಲ್ಲುತ್ತಾನೆ. ಎಡಗೈ ಮಣಿಕಟ್ಟಿನ ಮೇಲೆ ಗುರುತುಗಳಿವೆ, ಕೈ ಕೊಯ್ದುಕೊಳ್ಳುತ್ತಿರಬಹುದೆಂಬ ಅನುಮಾನ. ವಯಸ್ಸು 14, ಒಂಬತ್ತನೇ ತರಗತಿ. ತಂದೆಯ ಕಾಯಿಲೆಯ ಬಗ್ಗೆ ಪತ್ರದಲ್ಲಿ ಒಂದಕ್ಷರವೂ ಇರಲಿಲ್ಲ. ಶಾಲೆಯಲ್ಲಿ ಅದು ಯಾರಿಗೂ ಗೊತ್ತೇ ಇರಲಿಲ್ಲ.

ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಮಕ್ಕಳು ಆ ಕಾರಣ ಹೇಳಿಕೊಂಡು ಆಪ್ತಸಲಹೆಗೆ ಬರುವುದಿಲ್ಲ. ಮೊಬೈಲ್ ಚಟ, ಸೋಮಾರಿತನ, ಹಠ, ಗೈರುಹಾಜರಿ ಎಂಬ ಹಣೆಪಟ್ಟಿ ಹೊತ್ತು ಬರುತ್ತಾರೆ. ಬಂದಮೇಲೆ ಅವರಿಗೆ ಸಿಗುವ ಬುದ್ಧಿಮಾತೂ ಹೆಚ್ಚುಕಡಿಮೆ ಒಂದೇ: 'ಅದನ್ನೆಲ್ಲ ದೊಡ್ಡವರು ನೋಡ್ಕೋತಾರೆ, ನೀನು ಓದಿನ ಕಡೆ ಗಮನ ಕೊಡು.' ಯಾವ ದೊಡ್ಡವರು, ಯಾವಾಗಿನಿಂದ, ಎಷ್ಟು ಹೊತ್ತು ನೋಡಿಕೊಳ್ಳುತ್ತಾರೆ ಎಂದು ಯಾರೂ ಹೇಳುವುದಿಲ್ಲ. ಈ ಪ್ರಕರಣ ಬರೆಯುತ್ತಿರುವುದು ಆ ಒಂದು ಮಾತಿಗಾಗಿಯೇ. ಹುಡುಗ ಮತ್ತು ತಂದೆ-ತಾಯಿಯ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದೆ.

ಹಿನ್ನೆಲೆ ಇಷ್ಟು. ತಂದೆಗೆ ಕೆಲವು ವರ್ಷಗಳ ಹಿಂದೆ ತಲೆಗೆ ಪೆಟ್ಟು ಬಿದ್ದಿತ್ತು, ಅದರ ಬೆನ್ನಿಗೇ ಫಿಟ್ಸ್ ಶುರುವಾಯಿತು. ಹೆಚ್ಚಾಗಿ ನಿದ್ದೆಯಲ್ಲೇ ಬರುತ್ತದೆ. ಮೈಯೆಲ್ಲ ಸೆಟೆದು, ಆಮೇಲೆ ಕೈಕಾಲು ಅದುರುವ ಬಗೆಯದು. ತಾಯಿಯದು ಪಾಳಿ ಕೆಲಸ, ವಾರದಲ್ಲಿ ಕೆಲವು ರಾತ್ರಿ ಮನೆಯಲ್ಲಿರುವುದಿಲ್ಲ. 9 ವರ್ಷದ ತಂಗಿಯಿದ್ದಾಳೆ. ತಾಯಿ ಮೊದಲ ಭೇಟಿಯಲ್ಲಿ ಹೇಳಿದ್ದು: 'ಅವನು ಇದ್ದಾನೆ ಅನ್ನೋ ಧೈರ್ಯದ ಮೇಲೇ ನಾನು ಕೆಲಸಕ್ಕೆ ಹೋಗೋದು.' ಹೆಮ್ಮೆಯಿಂದ ಹೇಳಿದ ಮಾತದು. ಮಗ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದ.

ಮಣಿಕಟ್ಟಿನ ಗುರುತನ್ನು ಹತ್ತಿರದಿಂದ ನೋಡಬೇಕಿತ್ತು. ಕೈ ಕೊಯ್ದುಕೊಳ್ಳುವವರಲ್ಲಿ ಸಾಮಾನ್ಯವಾಗಿ ಮುಂಗೈಯ ಒಳಮೈಯಲ್ಲಿ ಒಂದರ ಪಕ್ಕ ಒಂದು ತೆಳು ಗೆರೆಗಳಿರುತ್ತವೆ, ಹೊಸದರ ಜೊತೆ ಹಳೆಯದೂ ಇರುತ್ತದೆ. ಇವನದು ಹಾಗಿರಲಿಲ್ಲ. ಕೈ ಸುತ್ತ ಬಳೆಯ ಹಾಗೆ ಒಂದೇ ಅಗಲದ ಪಟ್ಟಿ, ಚರ್ಮ ಉಜ್ಜಿ ಒರಟಾಗಿತ್ತು, ಹೆಬ್ಬೆರಳ ಬುಡದ ಕಡೆ ಮಾತ್ರ ಗಂಟು ಒತ್ತಿದಂತೆ ಕೆಂಪಗಿತ್ತು. ಆದರೂ ನೇರವಾಗಿಯೇ ಕೇಳಿದ್ದಾಯಿತು: ನಿನಗೆ ನೀನೇ ನೋವು ಮಾಡಿಕೊಳ್ತೀಯಾ? ಸಾಯಬೇಕು ಅಂತ ಅನ್ನಿಸಿದ್ದುಂಟಾ? ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳುತ್ತದೆ ಎಂದು ಹೆದರುವ ಶಿಕ್ಷಕರು ಬಹಳ. ಹಾಗೇನೂ ಆಗುವುದಿಲ್ಲ. ಕೇಳದೇ ಬಿಟ್ಟರೆ ಮಾತ್ರ ಇದ್ದದ್ದು ಒಳಗೇ ಉಳಿಯುತ್ತದೆ. ಎರಡಕ್ಕೂ ಇಲ್ಲ ಅಂದ. ಮತ್ತೇನದು ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಲಾಡಿ' ಅಂದ.

ಹಳೇ ಪೈಜಾಮದಿಂದ ಎಳೆದು ತೆಗೆದ ಲಾಡಿ. ತಂದೆ ಮಂಚದ ಮೇಲೆ, ಇವನು ಕೆಳಗೆ ಹಾಸಿಗೆಯಲ್ಲಿ. ಒಂದು ತುದಿ ಅಪ್ಪನ ಬಲಗೈಗೆ, ಇನ್ನೊಂದು ಇವನ ಎಡಗೈಗೆ. ಅಪ್ಪನ ಕೈ ಅದುರಿದರೆ ಇವನಿಗೆ ಎಚ್ಚರ. ಅಪ್ಪ ಮಗ್ಗುಲು ಬದಲಿಸಿದರೂ ಎಚ್ಚರವೇ. ಹಾಗಾಗಿ ಯಾವ ರಾತ್ರಿಯೂ ಎರಡು ಗಂಟೆಗಿಂತ ಹೆಚ್ಚು ಒಂದೇ ಸಮನೆ ಮಲಗಿದ್ದಿಲ್ಲ. 13ರಿಂದ 18ರ ಒಳಗಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಇವನಿಗೆ ಎಲ್ಲ ತುಣುಕು ಸೇರಿಸಿದರೂ ಐದು ದಾಟುತ್ತಿರಲಿಲ್ಲ. ಫೋನಿನ ಜಗಳಕ್ಕೂ ಇದೇ ಮೂಲ: ಹಗಲು ಅಪ್ಪ ಒಬ್ಬರೇ ಇರುವಾಗ ಕರೆ ಬಂದರೆ ಎತ್ತಬೇಕಲ್ಲ.

ಲಾಡಿ ಅವತ್ತೇ ಹೋಗಬೇಕಿತ್ತು. ಫಿಟ್ಸ್ ಬಂದಾಗ ದೇಹದ ಎಳೆತ ಎಷ್ಟು ಬಲವಾಗಿರುತ್ತದೆಂದರೆ ಇಬ್ಬರಲ್ಲಿ ಯಾರ ಕೈಯಾದರೂ ಉಳುಕಬಹುದು, ಹಗ್ಗ ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯವೂ ಇದೆ. ಆದರೆ ಬದಲಿ ಏನೂ ಕೊಡದೆ ಕಿತ್ತುಕೊಂಡರೆ ಹುಡುಗ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿರುತ್ತಾನೆ, ಅಷ್ಟೇ. ಅದಕ್ಕೇ ಆ ಸಂಜೆಯೇ ತಾಯಿಯ ಕೈಯಲ್ಲಿ ಫೋನ್ ಮಾಡಿಸಿ ಹುಡುಗನ ಚಿಕ್ಕಪ್ಪನನ್ನು ಕರೆಸಲಾಯಿತು. ತಾಯಿ ಇಲ್ಲದ ರಾತ್ರಿಗಳಲ್ಲಿ ಆ ಕೋಣೆಯಲ್ಲಿ ಅವರೇ ಮಲಗಬೇಕು, ಹುಡುಗ ಪಕ್ಕದ ಕೋಣೆಯಲ್ಲಿ.

ಇಲ್ಲಿ ಅಳತೆಪಟ್ಟಿಗಳ ಬಗ್ಗೆ ಒಂದು ಮಾತು. ಮಕ್ಕಳು ಮನೆಯಲ್ಲಿ ಎಷ್ಟು ಆರೈಕೆ ಮಾಡುತ್ತಾರೆ ಎಂದು ತಿಳಿಯಲು ಬ್ರಿಟನ್ನಿನ ಸಂಶೋಧಕರು ರೂಪಿಸಿದ 18 ಪ್ರಶ್ನೆಗಳ ಪಟ್ಟಿಯೊಂದಿದೆ. ಪ್ರತಿ ಕೆಲಸಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ, ಒಟ್ಟು 36. ಮನೆಗೆಲಸ, ಸ್ನಾನ ಮಾಡಿಸುವುದು, ತಮ್ಮ-ತಂಗಿಯರನ್ನು ನೋಡಿಕೊಳ್ಳುವುದು, ಹಣದ ವ್ಯವಹಾರ ಎಲ್ಲವೂ ಅದರಲ್ಲಿ ಬರುತ್ತದೆ. ಒಳ್ಳೆಯ ಪಟ್ಟಿಯೇ, ಬಳಸುತ್ತೇನೆ ಕೂಡ. ಆದರೆ 'ಅವರು ಸರಿಯಾಗಿದ್ದಾರಾ ಎಂದು ಕಣ್ಣಿಟ್ಟಿರುವುದು' ಎಂಬುದು ಅದರಲ್ಲಿ ಒಂದೇ ಸಾಲು. ಅದಕ್ಕೆ ಸಿಗುವುದು ಹೆಚ್ಚೆಂದರೆ 2 ಅಂಕ. ಈ ಹುಡುಗ ಅಡುಗೆ ಮಾಡುತ್ತಿರಲಿಲ್ಲ, ಯಾರನ್ನೂ ಎತ್ತಿ ಕೂರಿಸುತ್ತಿರಲಿಲ್ಲ, ದುಡ್ಡು ಮುಟ್ಟುತ್ತಿರಲಿಲ್ಲ. ಹೆಚ್ಚಾಗಿ ಕಾವಲೇ. ಅಂಕ ಕೂಡಿಸಿದರೆ ಚಿಂತೆಪಡುವಂಥದ್ದೇನೂ ಕಾಣುವುದಿಲ್ಲ. ನಿದ್ದೆ, ಓದು, ಆಟ, ಗೆಳೆಯರು ಎಲ್ಲವನ್ನೂ ನುಂಗಿದ್ದು ಆ 2 ಅಂಕವೇ. ಆದ್ದರಿಂದ 'ಏನೇನು ಕೆಲಸ ಮಾಡ್ತೀಯಾ' ಎಂದಷ್ಟೇ ಕೇಳಿದರೆ ಸಾಲದು. 'ನೀನು ಒಂದು ವಾರ ಮನೆಯಲ್ಲಿ ಇಲ್ಲದೇ ಹೋದರೆ ಯಾವುದು ನಿಂತುಹೋಗುತ್ತೆ?' ಎಂದು ಕೇಳಬೇಕು. ಆಗ ನಿಜವಾದ ಹೊರೆ ಹೊರಗೆ ಬರುತ್ತದೆ.

ಮುಂದಿನ ಭೇಟಿಯಲ್ಲಿ ನಡೆದದ್ದೇ ಈ ಪ್ರಕರಣದ ತಿರುಳು. ಹುಡುಗ ಒಬ್ಬನೇ ಒಳಗೆ ಬಂದ. ಚಿಕ್ಕಪ್ಪ ಬಂದು ಮಲಗಲು ಶುರುಮಾಡಿದ ಮೇಲೂ ನಿದ್ದೆ ಬಂದಿರಲಿಲ್ಲ.

'ಚಿಕ್ಕಪ್ಪ ಗೊರಕೆ ಹೊಡೀತಾರೆ, ಮೇಡಂ. ಅವರಿಗೆ ಎಚ್ಚರ ಆಗಲ್ಲ.'

'ಎಚ್ಚರ ಆಗದಿದ್ದರೆ ಏನಾಗುತ್ತೆ ಅಂತ ನಿನಗೆ ಭಯ?'

ಉತ್ತರ ಬರಲಿಲ್ಲ. ಫೋನ್ ತೆಗೆದು, ಯಾವಾಗಲೋ ಉಳಿಸಿಟ್ಟುಕೊಂಡಿದ್ದ ಒಂದು ಪುಟ ತೋರಿಸಿದ. ಮೂರ್ಛೆರೋಗದವರು ಕೆಲವೊಮ್ಮೆ ನಿದ್ದೆಯಲ್ಲೇ ಹಠಾತ್ತನೆ ತೀರಿಹೋಗುವುದರ ಬಗ್ಗೆ ಬರೆದಿದ್ದ ಪುಟ. ಒಂದು ವರ್ಷದಿಂದ ಅದು ಅವನ ಹತ್ತಿರವಿತ್ತು. ಅಪ್ಪನಿಗೂ ಅಮ್ಮನಿಗೂ ತೋರಿಸಿರಲಿಲ್ಲ. 'ಅವರಿಗೆ ಗೊತ್ತಿಲ್ಲ ಅನ್ಸುತ್ತೆ, ಹೆದರಿಕೊಂಡುಬಿಡ್ತಾರೆ.'

'ಅಪ್ಪ ಹೋಗಿಬಿಡ್ತಾರೆ ಅಂತ ಭಯಾನಾ?'

'ಅದಲ್ಲ ಮೇಡಂ. ನಾನು ಮಲಗಿದ್ದಾಗ ಹೋದ್ರೆ? ಆಮೇಲೆ ಎಲ್ಲರೂ ಕೇಳಲ್ವಾ, ನೀನು ಅಲ್ಲೇ ಇದ್ಯಲ್ಲ ಅಂತ.'

ಇಲ್ಲಿಯವರೆಗೆ ಎಲ್ಲರೂ ಸಮಾಧಾನ ಮಾಡುತ್ತಿದ್ದದ್ದು ಅವನಿಗಿಲ್ಲದ ಭಯಕ್ಕೆ. ಅಪ್ಪನಿಗೆ ಏನೂ ಆಗಲ್ಲ ಎಂಬ ಧೈರ್ಯದ ಮಾತು ಅವನ ಭಯವನ್ನು ಮುಟ್ಟುವುದೇ ಇಲ್ಲ. ಅಪ್ಪನಿಗೆ ಏನಾದರೂ ಆಗಿಬಿಟ್ಟರೆ ಅದರ ಆರೋಪ ತನ್ನ ತಲೆಗೆ ಬರುತ್ತದೆ ಎಂಬುದೇ ಅವನ ಲೆಕ್ಕ. ಈ ಲೆಕ್ಕವನ್ನು ಹುಡುಗ ಕಲ್ಪಿಸಿಕೊಂಡದ್ದಲ್ಲ. 'ಅವನು ಇದ್ದಾನೆ ಅನ್ನೋ ಧೈರ್ಯ' ಎಂಬ ಮಾತಿನ ಇನ್ನೊಂದು ಮಗ್ಗುಲು ಅದೇ.

ಆಮೇಲೆ ಅವನು ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವಿರಲಿಲ್ಲ: 'ನಾನು ಕಾಯೋದ್ರಿಂದ ಏನೂ ಉಪಯೋಗ ಇಲ್ವಾ?'

'ಇಲ್ಲ, ಹಾಯಾಗಿ ಮಲಗು' ಎಂದುಬಿಡಬಹುದಿತ್ತು. ಅದು ಸುಳ್ಳಾಗುತ್ತಿತ್ತು. ಅಮೆರಿಕದ ನರವಿಜ್ಞಾನ ಅಕಾಡೆಮಿ ಮತ್ತು ಅಲ್ಲಿನ ಎಪಿಲೆಪ್ಸಿ ಸೊಸೈಟಿ 2017ರಲ್ಲಿ ಸೇರಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಮೂರ್ಛೆರೋಗವಿರುವ ದೊಡ್ಡವರಲ್ಲಿ ವರ್ಷಕ್ಕೆ ಸುಮಾರು 1,000ಕ್ಕೆ ಒಬ್ಬರು ಹೀಗೆ ಹಠಾತ್ತನೆ ಸಾಯುತ್ತಾರೆ. ಮೈಯೆಲ್ಲ ಸೆಟೆದು ಅದುರುವ ಫಿಟ್ಸ್ ಪದೇ ಪದೇ ಬರುವವರಿಗೆ ಅಪಾಯ ಹೆಚ್ಚು. ಆ ಫಿಟ್ಸ್ ಹತೋಟಿಗೆ ಬಂದಷ್ಟೂ ಅಪಾಯ ತಗ್ಗುತ್ತದೆ. ರಾತ್ರಿ ಯಾರಾದರೂ ಗಮನಿಸುತ್ತಿರುವುದು ಕೆಲವರಿಗೆ ನೆರವಾಗಬಹುದು ಎಂಬ ಮಾತೂ ಆ ಮಾರ್ಗಸೂಚಿಯಲ್ಲಿದೆ. ಅಂದರೆ ಹುಡುಗ ಓದಿದ್ದು ಸುಳ್ಳಲ್ಲ, ಅವನ ಕಾವಲೂ ಹುಚ್ಚಾಟವಲ್ಲ. ಹಾಗಾಗಿ ಅವನಿಗೆ ಹೇಳಿದ್ದು ಇಷ್ಟು:

'ಉಪಯೋಗ ಇರಬಹುದು. ಅದಕ್ಕೇ ಅದು ದೊಡ್ಡವರ ಕೆಲಸ. ನೀನು ಓದಿದ್ದು ನಿಜ, ಆದರೆ 1,000 ಜನರಲ್ಲಿ 999 ಜನಕ್ಕೆ ಆ ವರ್ಷ ಹಾಗೆ ಆಗಲ್ಲ ಅನ್ನೋದೂ ಅಷ್ಟೇ ನಿಜ. ನಿಮ್ಮಪ್ಪನ ಪಾಲಿಗೆ ಅಪಾಯ ಎಷ್ಟು ಅಂತ ನಾನು ಹೇಳೋಕಾಗಲ್ಲ, ಡಾಕ್ಟರೇ ಹೇಳಬೇಕು. ಅವರನ್ನ ನೀನೇ ಕೇಳುವೆಯಂತೆ. ಇನ್ನೊಂದು. ಪಕ್ಕದಲ್ಲಿ ಎಚ್ಚರವಾಗಿ ಕೂತ ಡಾಕ್ಟರಿಗೂ ಪ್ರತಿಯೊಂದು ಸಾವನ್ನೂ ತಡೆಯೋಕೆ ಆಗಲ್ಲ. ಅಪ್ಪನಿಗೆ ಏನಾದರೂ ಆದರೆ, ನೀನು ಮಲಗಿದ್ದಕ್ಕೆ ಆಯ್ತು ಅಂತ ಯಾರೂ ಹೇಳಬಾರದು. ಆ ಮಾತನ್ನ ನಿಮ್ಮಪ್ಪ-ಅಮ್ಮನ ಬಾಯಿಂದಲೇ ನಿನ್ನ ಎದುರು ಹೇಳಿಸ್ತೀನಿ.'

14ರ ಹುಡುಗನ ಮುಂದೆ ಸಾವಿನ ಅಂಕಿಅಂಶ ಹೇಳುವುದು ಎಷ್ಟು ಸರಿ ಎಂದು ಆಮೇಲೆ ಬಂಧುಗಳೊಬ್ಬರು ಆಕ್ಷೇಪಿಸಿದರು. ಆಕ್ಷೇಪ ನ್ಯಾಯವೇ, ಏನೂ ಓದಿರದ ಮಗುವಿಗೆ ತಾನಾಗಿ ಹೋಗಿ ಈ ಲೆಕ್ಕ ಒಪ್ಪಿಸುವ ಅಗತ್ಯವಿಲ್ಲ. ಇವನು ಓದಿಕೊಂಡೇ ಬಂದಿದ್ದ. ಅದೂ ಅರ್ಧಂಬರ್ಧ: ಸಾಯಬಹುದು ಎಂಬುದು ಗೊತ್ತಿತ್ತು, ಎಷ್ಟು ಅಪರೂಪ, ಯಾವುದರಿಂದ ತಗ್ಗುತ್ತದೆ ಎಂಬುದು ಗೊತ್ತಿರಲಿಲ್ಲ. ಗೊತ್ತಿರುವ ಅರ್ಧವನ್ನು ಮರೆಸಲು ಆಗುವುದಿಲ್ಲ. ಉಳಿದರ್ಧ ಹೇಳುವುದೊಂದೇ ದಾರಿ. ದೊಡ್ಡವರು ಮುಚ್ಚಿಟ್ಟರೆ ಮಗು ಒಂಟಿಯಾಗಿ ಹುಡುಕುತ್ತದೆ, ರಾತ್ರಿ ಹೊತ್ತಿನಲ್ಲಿ, ಫೋನಿನಲ್ಲಿ.

ಸಲಹೆ ಕೊಡುವಾಗ ಇನ್ನೊಂದು ಒತ್ತಡವೂ ಇತ್ತು. ಆರೈಕೆಯನ್ನೆಲ್ಲ ಅವನಿಂದ ತೆಗೆದುಬಿಡಿ ಎಂದು, ವಿಷಯ ತಿಳಿದ ಮೇಲೆ ತರಗತಿ ಶಿಕ್ಷಕಿ ಹೇಳುತ್ತಿದ್ದರು. ಅದನ್ನು ಒಪ್ಪಲಿಲ್ಲ. ಮಕ್ಕಳು ತಂದೆ-ತಾಯಿಗೆ ತಾವೇ ತಂದೆ-ತಾಯಿಯಾಗಿಬಿಡುವ ಸ್ಥಿತಿಯ ಬಗ್ಗೆ ಕುಟುಂಬ ಚಿಕಿತ್ಸೆಯವರು 1970ರ ದಶಕದಿಂದಲೂ ಬರೆಯುತ್ತ ಬಂದಿದ್ದಾರೆ. ಇವಾನ್ ಬೊಸೊರ್ಮೆನಿ-ನಾಜ್ ಅವರಂಥವರು ಇದನ್ನು ಬರೀ ಕೆಡುಕೆಂದು ನೋಡಲಿಲ್ಲ. ಮಗು ಕೊಟ್ಟದ್ದನ್ನು ಮನೆಯವರು ಗುರುತಿಸುತ್ತಾರೋ, ಅದಕ್ಕೊಂದು ಮಿತಿ ಇದೆಯೋ ಎಂಬುದರ ಮೇಲೆ ಒಳಿತು-ಕೆಡುಕು ನಿಲ್ಲುತ್ತದೆ. ಇವನು ಅಪ್ಪನನ್ನು ಪ್ರೀತಿಸುತ್ತಾನೆ, ಅಪ್ಪನಿಗೆ ತನ್ನಿಂದ ಉಪಯೋಗವಾಗುವುದು ಅವನಿಗೆ ಬೇಕು. ಎಲ್ಲ ಕಿತ್ತುಕೊಂಡರೆ ಅವನಿಗೆ ಅದು ಶಿಕ್ಷೆಯಂತೆ ಕಾಣುತ್ತದೆ, ನೀನು ಸರಿಯಾಗಿ ಮಾಡಲಿಲ್ಲ ಎಂಬಂತೆ. ಆದ್ದರಿಂದ ಕೆಲಸ ಸ್ವಲ್ಪ ಅವನಲ್ಲೇ ಉಳಿಯಲಿ, ಹೊಣೆ ಮಾತ್ರ ಪೂರ್ತಿಯಾಗಿ ದೊಡ್ಡವರ ಕೈಗೆ ಹೋಗಲಿ ಎಂದು ಸಲಹೆ. ಇಂಗ್ಲೆಂಡಿನಲ್ಲಿ 2014ರ ಮಕ್ಕಳು ಮತ್ತು ಕುಟುಂಬಗಳ ಕಾಯ್ದೆ ಇಂಥ ಮಕ್ಕಳ ಅಗತ್ಯಗಳನ್ನು ಸ್ಥಳೀಯ ಆಡಳಿತ ಅಳೆಯಬೇಕೆನ್ನುತ್ತದೆ. ಅಲ್ಲಿ ಕೇಳಲೇಬೇಕಾದ ಪ್ರಶ್ನೆ, ಈ ಮಗು ಈ ಆರೈಕೆ ಮಾಡುವುದು, ಮುಂದುವರಿಸುವುದು ಸೂಕ್ತವೇ ಎಂಬುದು. ಕಾಯ್ದೆ ಇಲ್ಲದ ಕಡೆಯೂ ಕೇಳಬಹುದಾದ ಪ್ರಶ್ನೆಯೇ ಅದು.

ತಂದೆಯನ್ನೂ ಕರೆಸಿ ಕೂರಿಸಿದ ಭೇಟಿಯಲ್ಲಿ ಹೆಚ್ಚಿನ ಗಂಟುಗಳು ಬಿಚ್ಚಿದವು. ಅಲ್ಲಿಯವರೆಗೆ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಫಿಟ್ಸ್ ಬಾರದ ಹೊತ್ತಿನಲ್ಲಿ ಅವರು ಎಲ್ಲರಂತೆ ಯೋಚಿಸಬಲ್ಲ, ಲೆಕ್ಕ ಇಡಬಲ್ಲ ಮನುಷ್ಯ. ಆದರೂ ಮಾತ್ರೆ ಎಣಿಸುತ್ತಿದ್ದವನು ಮಗ, ಫಿಟ್ಸ್ ಬಂದ ದಿನ-ಹೊತ್ತು ಬರೆದಿಡುತ್ತಿದ್ದವನೂ ಮಗ. 'ನನ್ನ ಮಾತ್ರೆ ನಾನು ನೋಡ್ಕೋತೀನಿ, ಅಷ್ಟೂ ಆಗಲ್ವಾ ನನಗೆ' ಎಂದರು, ಸ್ವಲ್ಪ ಸಿಟ್ಟಿನಿಂದಲೇ. ಆ ಸಿಟ್ಟು ಒಳ್ಳೆಯದಾಯಿತು. ಕಾಯಿಲೆಯವರ ಕೈಯಲ್ಲಿ ಏನೂ ಆಗದು ಎಂದು ಮೊದಲೇ ತೀರ್ಮಾನಿಸಿಕೊಂಡ ಮನೆಗಳಲ್ಲಿ ಹೊರೆ ಜಾರಿ ಬೀಳುವುದು ಮಕ್ಕಳ ಮೇಲೆಯೇ.

ಮಾತ್ರೆಯ ಏರ್ಪಾಡು ಹೀಗಾಯಿತು. ಏಳು ದಿನದ ಖಾನೆಗಳಿರುವ ಡಬ್ಬಿಯನ್ನು ವಾರಕ್ಕೊಮ್ಮೆ ತಂದೆಯೇ ತುಂಬುವುದು, ತಾಯಿ ಒಮ್ಮೆ ನೋಡುವುದು. ಹೊತ್ತಿಗೆ ತಂದೆಯ ಫೋನಿನಲ್ಲೇ ಅಲಾರಂ. ಮನೆಯಲ್ಲಿ ಇನ್ನು ಏಳು ದಿನದ ಮಾತ್ರೆ ಉಳಿದಿದೆ ಎನ್ನುವಾಗಲೇ ಹೊಸದು ತರುವುದು. ಮಾತ್ರೆ ತಪ್ಪುವುದು ಮರೆವಿನಿಂದ ಮಾತ್ರವಲ್ಲ, ರಜೆಯ ದಿನ ಸ್ಟಾಕ್ ಮುಗಿದಿದ್ದರೂ ತಪ್ಪುತ್ತದೆ. ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕೆಂದು ಡಾಕ್ಟರನ್ನು ಮೊದಲೇ ಕೇಳಿ ಡಬ್ಬಿಯ ಮುಚ್ಚಳದ ಮೇಲೆ ಬರೆದಿಡುವುದು. ತಾವಾಗಿ ಎರಡು ಹೊತ್ತಿನದನ್ನು ಸೇರಿಸಿ ನುಂಗಬಾರದು, ಫಿಟ್ಸ್ ಬಂದು ಬಹಳ ದಿನವಾಯಿತೆಂದು ತಾವೇ ನಿಲ್ಲಿಸಲೂಬಾರದು. ಹಠಾತ್ತನೆ ನಿಲ್ಲಿಸಿದರೆ ಒಂದರ ಮೇಲೊಂದು ಫಿಟ್ಸ್ ಬರುವ ಅಪಾಯವಿದೆ. ನಿದ್ದೆಗೆಡುವುದು, ಮದ್ಯ, ಜ್ವರ ಇವು ಫಿಟ್ಸನ್ನು ಕೆರಳಿಸಬಲ್ಲವು. ಬಚ್ಚಲಿನ ಒಳಚಿಲಕ ತೆಗೆಸಲಾಯಿತು, ಮಂಚದ ಬದಲು ತಗ್ಗಿನ ಹಾಸಿಗೆ ಬಂತು.

ಡಾಕ್ಟರ ಬಳಿ ಹುಡುಗ ತನ್ನ ಮೂರು ಪ್ರಶ್ನೆಗಳನ್ನು ಬರೆದುಕೊಂಡು ಹೋದ. ಅಪ್ಪನಿಗೆ ಅಪಾಯ ಎಷ್ಟು, ಔಷಧಿ ಬದಲಿಸಿದರೆ ತಗ್ಗುತ್ತದಾ, ರಾತ್ರಿ ಯಾರಾದರೂ ಇರಲೇಬೇಕಾ. ಡಾಕ್ಟರು ಅವನ ಮುಖ ನೋಡಿಯೇ ಉತ್ತರಿಸಿದರು. ಔಷಧಿಯ ಪ್ರಮಾಣ ಬದಲಾಯಿತು, ಫಿಟ್ಸ್ ಐದು ನಿಮಿಷ ಮೀರಿದರೆ ಮೂಗಿಗೆ ಸಿಂಪಡಿಸುವ ತುರ್ತು ಔಷಧಿಯನ್ನೂ ಬರೆದುಕೊಟ್ಟರು. ಅದನ್ನು ಬಳಸುವುದನ್ನು ತಾಯಿಗೂ ಚಿಕ್ಕಪ್ಪನಿಗೂ ಕಲಿಸಿದರು. ಹಾಸಿಗೆಯಡಿ ಇಡುವ, ಅದುರಿದರೆ ಫೋನಿಗೆ ಸದ್ದು ಕಳಿಸುವ ಸಾಧನದ ಮಾತೂ ಬಂತು. ಅದು ಕೆಲವು ಫಿಟ್ಸನ್ನು ಹಿಡಿಯುವುದಿಲ್ಲ, ಬರೀ ಹೊರಳಾಟಕ್ಕೂ ಕೂಗುತ್ತದೆ ಎಂಬುದನ್ನು ತಿಳಿದೇ ಕೊಳ್ಳಬೇಕು. ಕೊಂಡಮೇಲೆ ಸದ್ದು ಯಾರ ಫೋನಿಗೆ ಹೋಗಬೇಕು ಎಂಬುದು ಮುಖ್ಯ. ಮಗನ ಫೋನಿಗೆ ಹೋದರೆ ಲಾಡಿಯ ಜಾಗಕ್ಕೆ ಯಂತ್ರ ಬಂದಂತಾಯಿತು, ಅಷ್ಟೇ.

ಇನ್ನು ಹೊಣೆ ಕೈಬದಲಾಗುವ ಕ್ರಮ. ಆಸ್ಪತ್ರೆಯಲ್ಲಿ ಒಂದು ಪಾಳಿಯ ನರ್ಸ್ ಮುಂದಿನ ಪಾಳಿಯವರಿಗೆ ರೋಗಿಯನ್ನು ಹೇಗೆ ಬಾಯಿಬಿಟ್ಟು ಒಪ್ಪಿಸುತ್ತಾರೋ ಹಾಗೆಯೇ ಮನೆಯಲ್ಲೂ ಆಗಬೇಕೆಂದು ಕೇಳಿಕೊಂಡದ್ದು. ಗೋಡೆಯ ಮೇಲೆ ವಾರದ ಹಾಳೆ. ಪ್ರತಿ ರಾತ್ರಿಗೂ ಒಬ್ಬ ದೊಡ್ಡವರ ಹೆಸರು. 'ಯಾರಾದರೂ ಇರ್ತಾರೆ' ಎಂದು ಬಿಡುವ ಹಾಗಿಲ್ಲ. ರಾತ್ರಿ ಒಂಬತ್ತೂವರೆಗೆ ಆ ದೊಡ್ಡವರು ಹುಡುಗನ ಎದುರು ನಿಂತು ಹೇಳಬೇಕು: 'ಇವತ್ತು ನನ್ನ ಪಾಳಿ. ತುರ್ತು ಔಷಧಿ ಇಲ್ಲಿದೆ, ನನ್ನ ಫೋನ್ ಚಾರ್ಜ್ ಆಗಿದೆ. ಏನೇ ಆದರೂ ನಾನು ನೋಡ್ಕೋತೀನಿ, ನೀನು ಬೇಕಾದರೆ ಕರೀತೀನಿ.' ಬೆಳಿಗ್ಗೆ ಅವನು ಕೇಳುವ ಮೊದಲೇ ರಾತ್ರಿ ಹೇಗಿತ್ತು ಎಂದು ಅವರೇ ಹೇಳಬೇಕು, ಫಿಟ್ಸ್ ಬಂದಿದ್ದರೆ ಅದನ್ನೂ. ಮುಚ್ಚಿಟ್ಟರೆ ಮಾರನೇ ರಾತ್ರಿಯಿಂದ ಹುಡುಗ ಮತ್ತೆ ಎಚ್ಚರ.

ಎರಡನೇ ವಾರದಲ್ಲಿ ಇದು ಮುರಿಯಿತು. ಮುರಿಯುವ ಜಾಗ ಹೆಚ್ಚಿನ ಮನೆಗಳಲ್ಲಿ ಅದೇ. ತಾಯಿ ಕೆಲಸಕ್ಕೆ ಹೊರಡುವಾಗ ಚಪ್ಪಲಿ ಮೆಟ್ಟುತ್ತ, ಅಭ್ಯಾಸಬಲದಿಂದ ಮಗನ ಕಡೆ ತಿರುಗಿ, 'ಚಿಕ್ಕಪ್ಪ ಇದ್ದಾರೆ, ಆದ್ರೂ ಸ್ವಲ್ಪ ಅಪ್ಪನ ಕಡೆ ಗಮನ ಇರ್ಲಿ' ಅಂದರು. ಆ ರಾತ್ರಿ ಅವನು ಮಲಗಲಿಲ್ಲ. ಹಾಳೆ, ಡಬ್ಬಿ, ತುರ್ತು ಔಷಧಿ ಎಲ್ಲ ಇದ್ದರೂ ಆ ಒಂದು ಮಾತಿನಿಂದ ಹೊಣೆ ವಾಪಸ್ ಹುಡುಗನ ಹೆಗಲೇರಿತ್ತು. ತಾಯಿಯನ್ನು ದೂರಿ ಫಲವಿಲ್ಲ. ಅವರಿಗೂ ಅದು ಭಯದ ಮಾತು. ಹೊರಡುವಾಗ ಆ ಮಾತನ್ನು ಚಿಕ್ಕಪ್ಪನಿಗೇ ಹೇಳಿ, ಮಗನಿಗೆ 'ಹೋಗಿ ಬರ್ತೀನಿ' ಅಂತ ಮಾತ್ರ ಹೇಳಿ ಎಂದು ತಿದ್ದಲಾಯಿತು. ಅದನ್ನು ಕೋಣೆಯಲ್ಲೇ ಎದ್ದು ನಿಂತು, ಒಮ್ಮೆ ಆಡಿ ತೋರಿಸಬೇಕಾಯಿತು.

ನಿದ್ದೆ ಮರಳುವುದು ತಡ. ಎರಡು ಗಂಟೆಗೊಮ್ಮೆ ಏಳುವುದು ದೇಹಕ್ಕೆ ರೂಢಿಯಾಗಿರುತ್ತದೆ. ಮಲಗುವ ಮುನ್ನ ಅಪ್ಪನನ್ನು ಒಮ್ಮೆ ನೋಡಿಬರಬಹುದು, ಆಮೇಲೆ ಮಧ್ಯರಾತ್ರಿ ಎದ್ದು ಹೋಗಿ ನೋಡುವಂತಿಲ್ಲ ಎಂಬ ಒಪ್ಪಂದ. ಎಚ್ಚರವಾದರೆ ಹಾಸಿಗೆಯಲ್ಲೇ ಇರಲಿ. ಎದ್ದು ನೋಡಿದಾಗಲೆಲ್ಲ ಕ್ಷಣಕ್ಕೆ ಹಾಯೆನಿಸುತ್ತದೆ, ಮುಂದಿನ ಸಲ ನೋಡದೆ ಇರುವುದು ಇನ್ನಷ್ಟು ಕಷ್ಟವಾಗುತ್ತದೆ. ಮೊದಲ ದಿನಗಳಲ್ಲಿ ನಡುವಿನ ಬಾಗಿಲು ತೆರೆದಿತ್ತು, ಆಮೇಲೆ ಅರ್ಧ, ಆಮೇಲೆ ಮುಚ್ಚಿತು.

ಅವನಲ್ಲಿ ಉಳಿದ ಕೆಲಸಗಳನ್ನು ಅವನೇ ಆರಿಸಿಕೊಂಡ: ಸಂಜೆ ಅಪ್ಪನ ಜೊತೆ ನಡೆದಾಡಲು ಹೋಗುವುದು, ಡಾಕ್ಟರ ಬಳಿ ಹೋಗುವ ದಿನ ಪ್ರಶ್ನೆಗಳನ್ನು ಬರೆದುಕೊಡುವುದು. ಹಗಲಲ್ಲಿ ಅಪ್ಪನ ಜೊತೆ ಒಬ್ಬನೇ ಇರುವಾಗ ಫಿಟ್ಸ್ ಬಂದರೆ ಏನು ಮಾಡಬೇಕೆಂಬ ಹಾಳೆಯೊಂದನ್ನೂ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಲಾಯಿತು. ಮೊದಲು ಗಡಿಯಾರ ನೋಡು. ಹತ್ತಿರದ ಗಟ್ಟಿ, ಚೂಪು ವಸ್ತು ಸರಿಸು. ತಲೆಯಡಿ ಮೆತ್ತನೆಯದೇನಾದರೂ ಇಡು, ಕತ್ತಿನ ಗುಂಡಿ ಸಡಿಲಿಸು. ಕೈಕಾಲು ಅದುಮಿ ಹಿಡಿಯಬೇಡ. ಬಾಯಿಗೆ ಏನನ್ನೂ ಇಡಬೇಡ, ನೀರನ್ನೂ ಹಾಕಬೇಡ. ಅದುರುವುದು ನಿಂತಮೇಲೆ ಪಕ್ಕಕ್ಕೆ ಹೊರಳಿಸಿ ಮಲಗಿಸು, ಪೂರ್ತಿ ಎಚ್ಚರವಾಗುವವರೆಗೆ ಜೊತೆಗಿರು. ಐದು ನಿಮಿಷ ದಾಟಿದರೆ, ಎಚ್ಚರವಾಗದೆ ಎರಡನೆಯದು ಬಂದರೆ, ಪೆಟ್ಟಾಗಿದ್ದರೆ, ಉಸಿರಾಟ ಸರಿಯಿಲ್ಲದಿದ್ದರೆ ಆಂಬುಲೆನ್ಸ್ ಕರೆ, ಆಮೇಲೆ ಅಮ್ಮನಿಗೆ ಕರೆ. ಕೊನೆಯ ಸಾಲನ್ನು ತಂದೆ ತಮ್ಮ ಕೈಯಲ್ಲೇ ಬರೆದರು: 'ಇಷ್ಟು ಮಾಡಿದರೆ ನಿನ್ನ ಕೆಲಸ ಆಯಿತು. ಉಳಿದದ್ದು ನಿನ್ನ ತಪ್ಪಲ್ಲ.'

ಶಾಲೆಗೆ ಏನು ಹೇಳಬೇಕೆಂದು ನಿರ್ಧರಿಸಿದ್ದು ಹುಡುಗ. ತರಗತಿ ಶಿಕ್ಷಕಿಯೊಬ್ಬರಿಗೆ ಮಾತ್ರ ಗೊತ್ತಿರಲಿ, ಇಡೀ ಸ್ಟಾಫ್ ರೂಮಿಗೆ ಬೇಡ ಅಂದ. ಅವರೊಂದಿಗೆ ಮಾಡಿಕೊಂಡ ಏರ್ಪಾಡು: ಫೋನ್ ಕಚೇರಿಯಲ್ಲಿರುತ್ತದೆ, ಮನೆಯಿಂದ ಕರೆ ಬಂದರೆ ಐದು ನಿಮಿಷದೊಳಗೆ ತರಗತಿಗೆ ಬಂದು ಹೇಳುತ್ತಾರೆ, ಯಾರೂ ಬರಲಿಲ್ಲವೆಂದರೆ ಮನೆಯಲ್ಲಿ ಎಲ್ಲ ಸರಿಯಿದೆ ಎಂದರ್ಥ. ಫಿಟ್ಸ್ ಬಂದ ರಾತ್ರಿಯ ಮರುದಿನ ತಡವಾಗಿ ಬಂದರೆ ಬಾಗಿಲಲ್ಲಿ ನಿಲ್ಲಿಸಿ ಕಾರಣ ಕೇಳುವುದಿಲ್ಲ, ಆ ದಿನದ ಪರೀಕ್ಷೆ ಮುಂದಕ್ಕೆ. ಹೋಂವರ್ಕ್ ಪೂರ್ತಿ ಮನ್ನಾ ಬೇಡ ಎಂದೇ ಹೇಳಲಾಯಿತು. ಎಲ್ಲರಂತೆ ಬರೀ ವಿದ್ಯಾರ್ಥಿಯಾಗಿರಲು ಅವನಿಗಿರುವ ಜಾಗ ಶಾಲೆಯೊಂದೇ. ವಿಷಯ ತಿಳಿದ ಮೇಲೆ ಶಿಕ್ಷಕಿಗೆ ಅವನನ್ನು ಪ್ರಾರ್ಥನೆಯ ವೇಳೆ ಎಲ್ಲರ ಮುಂದೆ ಹೊಗಳುವ ಮನಸ್ಸಾಗಿತ್ತು. ಬೇಡವೆಂದು ಕೈಮುಗಿದು ಕೇಳಿಕೊಂಡದ್ದಾಯಿತು. ಶ್ರವಣಕುಮಾರ ಎಂದು ಸಾರ್ವಜನಿಕವಾಗಿ ಬಿರುದು ಪಡೆದ ಹುಡುಗ, ಆಮೇಲೆ ನನಗೆ ಸುಸ್ತಾಗಿದೆ ಎಂದು ಯಾರ ಹತ್ತಿರ ಹೇಳಿಕೊಂಡಾನು?

ಬೇರೆ ಕಾಯಿಲೆಗಳಿರುವ ಮನೆಗಳಿಗೂ ಇದೇ ಅಳತೆ ಹೊಂದುತ್ತದೆ, ಕೆಲಸ ಮಾತ್ರ ಬೇರೆ. ಮಗು ದೊಡ್ಡವರನ್ನು ಎತ್ತಿ ಕೂರಿಸುತ್ತಿದ್ದರೆ ನಿಲ್ಲಿಸಿ, ಬೆಳೆಯುವ ಬೆನ್ನಿಗೆ ಪೆಟ್ಟು ಬೀಳುತ್ತದೆ. ಇನ್ಸುಲಿನ್ ಎಷ್ಟು ಎಂದು ಮಗುವೇ ತೀರ್ಮಾನಿಸುತ್ತಿದ್ದರೆ ಆ ತೀರ್ಮಾನವನ್ನು ದೊಡ್ಡವರು ಅಂದೇ ವಾಪಸ್ ತೆಗೆದುಕೊಳ್ಳಬೇಕು. ತಾಯಿಯೋ ತಂದೆಯೋ ಸಾಯುವ ಮಾತಾಡಿದ್ದನ್ನು 'ಯಾರಿಗೂ ಹೇಳಬೇಡ' ಎಂಬ ಆಣೆಯೊಂದಿಗೆ ಮಗು ಒಳಗಿಟ್ಟುಕೊಂಡಿದ್ದರೆ, ಅದನ್ನು ಕಾಯುವ ಕೆಲಸ ಒಂದು ರಾತ್ರಿಯೂ ಮಗುವಿನದಲ್ಲ. ಆಣೆ ಮುರಿದು ಅಂದೇ ದೊಡ್ಡವರಿಗೆ, ವೈದ್ಯರಿಗೆ ತಿಳಿಸಬೇಕು. ಮುರಿದದ್ದು ಸರಿ ಎಂದು ಮಗುವಿಗೆ ಬಾಯಿಬಿಟ್ಟು ಹೇಳಲೂಬೇಕು.

ಹುಡುಗ ಈಗ ಹೆಚ್ಚಿನ ರಾತ್ರಿ ಏಳು ಗಂಟೆ ಮಲಗುತ್ತಾನೆ. ತಂದೆಯ ಫಿಟ್ಸ್ ನಿಂತಿಲ್ಲ, ಕಡಿಮೆಯಾಗಿದೆ. ತಂಗಿಗೂ ಆ ಹಾಳೆಯನ್ನು ಓದಿ ಹೇಳಲಾಗಿದೆ. ಅವಳ ಪಾಲಿಗೆ ಇಟ್ಟದ್ದು ಒಂದೇ ಸಾಲು, ದೊಡ್ಡವರನ್ನು ಕೂಗಿ ಕರೆಯುವುದು. ತಾಯಿಗೆ ರಾತ್ರಿ ಪಾಳಿ ಪೂರ್ತಿ ತಪ್ಪಿಲ್ಲ, ಚಿಕ್ಕಪ್ಪನಿಗೆ ಮುಂದಿನ ತಿಂಗಳು ಎರಡು ರಾತ್ರಿ ಬರಲಾಗದು. ಗೋಡೆಯ ಹಾಳೆಯಲ್ಲಿ ಆ ಎರಡು ಖಾನೆ ಸದ್ಯಕ್ಕೆ ಖಾಲಿಯಿವೆ. ಬೇರೆ ಯಾರೂ ಸಿಗದಿದ್ದರೆ ತಾಯಿ ರಜೆ ಹಾಕುತ್ತಾರೆ, ಅಲ್ಲಿ ಮಗನ ಹೆಸರು ಮಾತ್ರ ಬರೆಯುವುದಿಲ್ಲ ಎಂದು ಮಾತಾಗಿದೆ.